ಜೀಪಿನ ಅಡಿಯಲ್ಲಿ ಒಂದು ಗೋಣಿಚೀಲ

ಬಂಗಾರಪೇಟೆ ರಸ್ತೆಯ ಬದಿಯಲ್ಲಿ, ಹಳೆಯ ಜೀಪೊಂದರ ಕೆಳಗೆ ಗೋಣಿಚೀಲ ಹಾಸಿಕೊಂಡು ಬುರ್ಖಾ ಧರಿಸಿದ ಹೆಂಗಸೊಬ್ಬಳು ಮಲಗಿರುವುದನ್ನು ನೀವು ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದಿರಿ? ಅಪಘಾತವಾಗಿದೆ ಎಂದುಕೊಂಡು ಒಬ್ಬ ಆಟೋ ಚಾಲಕ ನಿಜವಾಗಿಯೂ ಗಾಡಿ ನಿಲ್ಲಿಸಿ ಓಡಿಬಂದರು. ಅಪಘಾತವೇನೂ ಆಗಿರಲಿಲ್ಲ. ಕೆಳಗೆ ಮಲಗಿದ್ದವಳು ನಾನು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್. ನಮ್ಮ ಮನೆಯ ಸೊಸೆಯ ಬಳೆಗಳು ಯಾವ ಕಬ್ಬಿಣಕ್ಕೆ ಬದಲಾಗಲಿವೆ ಎಂದು ನೋಡುತ್ತಿದ್ದೆ.

ನಾನು ರಾಬರ್ಟ್‌ಸನ್‌ಪೇಟೆಯವಳು. ಮದ್ರಸಾದಲ್ಲಿ ಓದಿ, ಆಮೇಲೆ ಬಿ.ಎ. ಮುಗಿಸಿ, ಈಗ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಗಾಡಿ ಓಡಿಸಲು ಇಂದಿಗೂ ಬರುವುದಿಲ್ಲ. ಹೀಗಿರುವಾಗ ಜೀಪಿನ ವಿಷಯ ಬರೆಯಲು ಇವಳಿಗೇನು ಅಧಿಕಾರ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ನಿಮ್ಮ ಮನೆಯಲ್ಲೂ ಗಂಡನೋ ತಮ್ಮನೋ ಮಗನೋ ಒಂದು ದಿನ ಹಳೆಯ ಗಾಡಿಯ ಆಸೆ ಹೊತ್ತು ಬಂದೇ ಬರುತ್ತಾನೆ. ಆಗ ಮೊದಲು ತೆರೆಯುವುದು ನಿಮ್ಮ ಬೀರುವಿನ ಬಾಗಿಲು.

ನಮ್ಮ ಊರಿನ ಕಥೆ ನಿಮಗೆ ಗೊತ್ತಿರುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆಮೇಲೆ ಇಲ್ಲಿನ ಗಂಡಸರ ಬದುಕು ರೈಲಿಗೆ ವರ್ಗವಾಯಿತು. ಬೆಳಕು ಹರಿಯುವ ಮುನ್ನ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು, ಇಶಾ ನಮಾಝಿನ ಹೊತ್ತಿಗೆ ಮನೆ ಸೇರುವುದು. ನನ್ನ ತಮ್ಮನೂ ಹದಿನಾರು ವರ್ಷ ಹಾಗೆಯೇ ಓಡಾಡಿದ. ಅವನ ಮಕ್ಕಳಿಗೆ ತಂದೆಯೆಂದರೆ ಭಾನುವಾರ ಮಾತ್ರ ಕಾಣುವ ವ್ಯಕ್ತಿ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಅವನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಅವನ ಮಾವನವರಿಗೆ ಕಾಮಸಮುದ್ರದ ಕಡೆ ಸ್ವಲ್ಪ ಜಮೀನಿದೆ. ಬೆಂಗಳೂರು ಬಿಟ್ಟು ಅಲ್ಲಿ ಬೇಸಾಯ ಮಾಡುತ್ತೇನೆ ಎಂದ. ಎರಡು ಸಾವಿರದ ಬೆಲೆ ಪ್ರತಿ ವರ್ಷ ಬರುವುದಿಲ್ಲ, ಬಾಕ್ಸಿಗೆ ನೂರು ರೂಪಾಯಿಯೂ ಸಿಗದೆ ರೈತರು ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಇವೆ ಎಂದು ನಾನು ಹೇಳಿದೆ. "ಆಪಾ, ಮಕ್ಕಳ ಮುಖ ನೋಡಬೇಕು ನಾನು" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಜಮೀನಿನಿಂದ ಡಾಂಬರು ರಸ್ತೆಗೆ ಬರಲು ಎರಡು ಕಿಲೋಮೀಟರಿಗೂ ಹೆಚ್ಚು ಮಣ್ಣಿನ ದಾರಿ. ಒಂದು ಹಳ್ಳ ದಾಟಿ ದಿಣ್ಣೆ ಹತ್ತಬೇಕು. ಮಳೆ ಬಂದರೆ ಆಟೋ, ಟೆಂಪೋದವರು ಅತ್ತ ತಲೆ ಹಾಕುವುದಿಲ್ಲ. ಕೊಯ್ದ ಹಣ್ಣು ಒಂದು ದಿನ ತಡವಾದರೆ ಮೆತ್ತಗಾಗುತ್ತದೆ. ಹಾಗಾಗಿ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕಿತ್ತು. ಹೊಸದು ಕೈಗೆಟುಕುವ ಮಾತಲ್ಲ. ಸಾಲ ತೆಗೆದರೆ ಬಡ್ಡಿ. ಹಳೆಯ ಮಹೀಂದ್ರಾ ಜೀಪು ಎರಡು, ಎರಡೂವರೆ ಲಕ್ಷಕ್ಕೆ ಸಿಗುತ್ತದೆ ಎಂದು ಯಾರೋ ಹೇಳಿದರು.

ತಮ್ಮನ ಹೆಂಡತಿಯನ್ನು ನಮ್ಮ ಮನೆಯಲ್ಲಿ ದುಲ್ಹನ್ ಎಂದೇ ಕರೆಯುವುದು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಹೆಸರು ಹೋಗಿಲ್ಲ. ಅವಳ ಕೈಯಲ್ಲಿ ನಾಲ್ಕು ಬಳೆಗಳಿದ್ದವು, ಒಂದೊಂದು ಹತ್ತು ಗ್ರಾಂ. ಅದು ಅವಳ ಮಹ್ರ್. ಮಹ್ರ್ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಅದು ಪೂರ್ತಿ ಅವಳದು, ಗಂಡನಿಗಾಗಲೀ ಅತ್ತೆಗಾಗಲೀ ಅದರಲ್ಲಿ ಹಕ್ಕಿಲ್ಲ. ಅವಳಾಗಿಯೇ ಮನಸಾರೆ ಕೊಟ್ಟರೆ ಮಾತ್ರ ಗಂಡ ಮುಟ್ಟಬಹುದು. ಅಡವಿಟ್ಟರೆ ಬಡ್ಡಿ ಕಟ್ಟಬೇಕಾಗುತ್ತದೆಂದು ಮಾರಿಬಿಡಲು ಅವಳೇ ಮುಂದೆ ಬಂದಳು. ಮನೆಯವರೆಲ್ಲ ಮಾಶಾ ಅಲ್ಲಾಹ್ ಎಂದರು. ಆದರೆ ಜೀಪು ನೋಡಲು ಹೊರಟದ್ದು ತಮ್ಮ ಮತ್ತು ಅವನ ಇಬ್ಬರು ಗೆಳೆಯರು. ಚಿನ್ನ ಹೆಂಗಸಿನದು, ನೋಡುವುದು ಗಂಡಸರು! ನಾನೂ ಬರುತ್ತೇನೆ, ದುಲ್ಹನ್‌ಳನ್ನೂ ಕರೆದುಕೊಂಡು ಬರುತ್ತೇನೆ ಎಂದೆ. ತಮ್ಮನಿಗೆ ಅದು ಇಷ್ಟವಾಗಲಿಲ್ಲ. "ಅಲ್ಲಿ ಗ್ಯಾರೇಜು, ದಲ್ಲಾಳಿಗಳು ಎಲ್ಲ ಇರ್ತಾರೆ ಆಪಾ, ನಿಮಗೇನು ಗೊತ್ತಾಗುತ್ತೆ?" ಎಂದ.

ಗೊತ್ತಾಗುತ್ತದೆಯೋ ಇಲ್ಲವೋ, ಒಂದು ವಿಷಯ ಮಾತ್ರ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ನಮ್ಮ ಅಬ್ಬಾ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿ ದುಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋದ ಗಣಿ ಅದು. ಅಲ್ಲಿ ಕೆಲಸ ಶುರು ಮಾಡುವ ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ಕೇಳುತ್ತಿದ್ದರಂತೆ. ಗಟ್ಟಿ ಬಂಡೆ ಠಣ್ ಎನ್ನುತ್ತದೆ. ಒಳಗೆ ಬಿರುಕು ಬಿಟ್ಟ ಬಂಡೆ ಖಾಲಿ ಡಬ್ಬದಂತೆ ದಬ್ ಎನ್ನುತ್ತದೆ. ದಬ್ ಎಂದರೆ ಅದರ ಕೆಳಗೆ ನಿಲ್ಲಬಾರದು. ಮನೆಗೆ ಮಣ್ಣಿನ ಹೂಜಿ ತಂದರೂ, ಸೆಕೆಂಡ್ ಹ್ಯಾಂಡ್ ಸೈಕಲ್ ತಂದರೂ ಅಬ್ಬಾ ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಆ ಅಭ್ಯಾಸ ನನಗೂ ಬಂದಿದೆ.

ನಮ್ಮ ಬೀದಿಯ ತುದಿಯಲ್ಲಿ ವಯಸ್ಸಾದ ಒಬ್ಬ ಮೆಕ್ಯಾನಿಕ್ ಇದ್ದಾರೆ. ತಮಿಳರು. ನಾವೆಲ್ಲ ಅಣ್ಣ ಎನ್ನುತ್ತೇವೆ. ಅವರ ಮೊಮ್ಮಗಳಿಗೆ ನಾನು ಪಾಠ ಹೇಳಿದ್ದೇನೆ. ಹೆಚ್ಚು ನಡೆಯಲಾರರು, ಮಂಡಿ ನೋವು. ಮೊದಲ ದಿನ ಅವರು ಬರಲಾಗಲಿಲ್ಲ. ಹಿಂದಿನ ಸಂಜೆ ಅವರ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಒಂದೂವರೆ ಗಂಟೆ ಪಾಠ ಹೇಳಿಸಿಕೊಂಡೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರು ನಗುತ್ತಾ ಹೇಳಿದರು: "ಟೀಚರಮ್ಮ, ಇಂಜಿನ್ ಶಬ್ದ ಎಲ್ಲರೂ ಕೇಳ್ತಾರೆ. ಪೇಂಟು ಎಲ್ಲರೂ ನೋಡ್ತಾರೆ. ನೀವು ಚಾಸಿ ನೋಡಿ, ಆಮೇಲೆ ಗೇರ್ ಬಾಕ್ಸ್ ನೋಡಿ. ಮಿಕ್ಕಿದ್ದೆಲ್ಲ ನಾನು ಸರಿ ಮಾಡ್ತೀನಿ."

ಚಾಸಿ ಎಂದರೆ ಜೀಪಿನ ಬೆನ್ನೆಲುಬು. ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅವುಗಳ ನಡುವೆ ಅಡ್ಡ ಪಟ್ಟಿಗಳು. ಇಂಜಿನ್, ಗೇರ್ ಬಾಕ್ಸ್, ಬಾಡಿ ಎಲ್ಲವೂ ಅದರ ಮೇಲೆ ಕೂತಿರುತ್ತವೆ, ಚಕ್ರಗಳು ಕಮಾನ್ ಪಟ್ಟಿಗಳ ಮೂಲಕ ಅದಕ್ಕೇ ನೇತುಬಿದ್ದಿರುತ್ತವೆ. ಈಗಿನ ಸಣ್ಣ ಕಾರುಗಳಿಗೆ ಹೀಗೆ ಬೇರೆ ಚೌಕಟ್ಟು ಇಲ್ಲ, ಬಾಡಿಯೇ ಎಲ್ಲ. ಜೀಪಿನ ಬಾಡಿ ತುಕ್ಕು ಹಿಡಿದರೆ ತಗಡು ಕತ್ತರಿಸಿ ಬೇರೆ ಹಾಕಬಹುದು. ಚಾಸಿ ಒಳಗಿನಿಂದ ತಿಂದುಹೋಗಿದ್ದರೆ ಹೊರೆ ಹೊತ್ತು ದಿಣ್ಣೆ ಹತ್ತುವಾಗ ಬಿರುಕು ಬಿಡುತ್ತದೆ, ಕಮಾನ್ ಪಟ್ಟಿಯ ಕೊಂಡಿಯೇ ಕಿತ್ತು ಬರಬಹುದು. ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಹೀಗಾದರೆ ಏನು ಗತಿ?

ಮೊದಲ ಜೀಪು ನೋಡಿದ್ದು 2024ರ ಮೇ ರಜೆಯಲ್ಲಿ. ಬಂಗಾರಪೇಟೆ ರಸ್ತೆಯಲ್ಲಿ ಒಬ್ಬ ದಲ್ಲಾಳಿ ನಿಲ್ಲಿಸಿದ್ದ. ಕಡು ಹಸಿರು ಬಣ್ಣ, ಹೊಸ ಹುಡ್, ದಪ್ಪ ಟೈರುಗಳು. ದುಲ್ಹನ್ ಕೂಡ ಒಂದು ಕ್ಷಣ ಮರುಳಾದಳು. ಎರಡು ಲಕ್ಷದ ಅರವತ್ತು ಸಾವಿರ ಎಂದ. ನಾನು ಮೊದಲು ನೋಡಿದ್ದು ನಂಬರ್ ಪ್ಲೇಟು. ಕೆಎ-19. ಅಂದರೆ ಮಂಗಳೂರಿನಲ್ಲಿ ನೋಂದಣಿಯಾದ ಗಾಡಿ.

ಕರಾವಳಿಯ ಓದುಗರು ಬೇಸರ ಮಾಡಿಕೊಳ್ಳಬೇಡಿ! ನಿಮ್ಮ ಊರಿನ ಮೇಲೆ ನನಗೆ ಯಾವ ಕೋಪವೂ ಇಲ್ಲ. ಆದರೆ ನಿಮ್ಮ ಗಾಳಿಯಲ್ಲಿ ಉಪ್ಪಿದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ನಮ್ಮ ಕೋಲಾರದ ಕಡೆ ಏಳೆಂಟು ನೂರು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು. ಉಪ್ಪು ಸೇರಿದರೆ ಆ ಕೆಲಸ ಹಲವು ಪಟ್ಟು ವೇಗವಾಗುತ್ತದೆ, ಉಪ್ಪು ತೇವವನ್ನು ಹಿಡಿದಿಟ್ಟುಕೊಂಡು ಲೋಹ ಒಣಗಲು ಬಿಡುವುದಿಲ್ಲ. ಕಡಲ ದಂಡೆಯಲ್ಲಿ ಮೀನಿನ ಬುಟ್ಟಿ ಹೊತ್ತ ಗಾಡಿಯಾದರಂತೂ ಉಪ್ಪುನೀರು ಮೇಲಿನಿಂದಲೂ ಇಳಿದಿರುತ್ತದೆ. ಕೆಎ-19 ಎಂದ ಮಾತ್ರಕ್ಕೆ ಗಾಡಿ ಕೆಟ್ಟದ್ದು ಎಂದಲ್ಲ, ಕೊಟ್ಟಿಗೆಯಲ್ಲಿ ಒಣಗಿಸಿ ಇಟ್ಟುಕೊಂಡವರೂ ಇರುತ್ತಾರೆ. ಆದರೆ ಆ ನಂಬರ್ ನೋಡಿದ ಮೇಲೆ ಕೆಳಗೆ ಬಗ್ಗದೆ ಇರಬಾರದು.

ಗೋಣಿಚೀಲ ಹಾಸಿದೆ. ಜಾಕಿನ ಮೇಲೆ ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ಎಂದೂ ಹೋಗಬಾರದೆಂದು ಅಣ್ಣ ಎರಡು ಸಲ ಎಚ್ಚರಿಸಿದ್ದರು. ಜೀಪು ಎತ್ತರದ ಗಾಡಿ, ಎತ್ತುವ ಅಗತ್ಯವೇ ಇಲ್ಲ. ಸಮತಟ್ಟು ನೆಲ, ಚಕ್ರಕ್ಕೆ ಕಲ್ಲು, ಇಂಜಿನ್ ಬಂದ್. ಕೆಳಗಿನಿಂದ ನೋಡಿದರೆ ಚಾಸಿ ಪೂರ್ತಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮೂವತ್ತು ವರ್ಷದ ಗಾಡಿಯ ಹೊಟ್ಟೆ ಮದುಮಗಳ ಕೈಯಂತೆ ಹೊಳೆಯುತ್ತಿದ್ದರೆ ಅನುಮಾನ ಬರಬೇಕಲ್ಲವೇ? ಹಳೆಯ ಕಬ್ಬಿಣದ ಮೇಲೆ ತೆಳುವಾದ ಕಂದು ತುಕ್ಕಿದ್ದರೆ ಭಯವಿಲ್ಲ, ಉಗುರಿನಿಂದಲೋ ಸ್ಕ್ರೂಡ್ರೈವರಿನಿಂದಲೋ ಕೆರೆದರೆ ಒಳಗೆ ಬೆಳ್ಳಗಿನ ಲೋಹ ಕಾಣುತ್ತದೆ. ಹೊಸದಾಗಿ ಬಳಿದ ಟಾರಿನಂಥ ದಪ್ಪ ಬಣ್ಣದ ಕೆಳಗೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಕಿವಿ ಬೇಕು.

ಸ್ಕ್ರೂಡ್ರೈವರಿನ ಹಿಡಿಯಿಂದ ಮುಂದಿನಿಂದ ತಟ್ಟುತ್ತಾ ಬಂದೆ. ಠಣ್, ಠಣ್. ಇಂಜಿನ್ ಕೆಳಗೆ ಠಣ್. ಹಿಂದಿನ ಚಕ್ರಗಳ ಮೇಲೆ ಚಾಸಿ ಬಾಗಿ ಏರುವ ಜಾಗಕ್ಕೆ ಬಂದಾಗ ದಬ್. ಇನ್ನೊಮ್ಮೆ ತಟ್ಟಿದೆ. ದಬ್. ನನ್ನ ಮೈ ತಣ್ಣಗಾಯಿತು. ಅಬ್ಬಾ ತೀರಿಹೋಗಿ ಇಷ್ಟು ವರ್ಷವಾದ ಮೇಲೆ ಅವರ ಬಂಡೆಯ ಸದ್ದು ಒಂದು ಜೀಪಿನ ಕೆಳಗೆ ಕೇಳಿತು.

ಅದು ಅಣ್ಣ ಹೇಳಿದ್ದ ಜಾಗಗಳಲ್ಲಿ ಒಂದು. ಚಕ್ರ ಎರಚಿದ ಕೆಸರು ಆ ಬಾಗಿನಲ್ಲಿ ಕೂತು ವರ್ಷಗಟ್ಟಲೆ ಒದ್ದೆಯಾಗಿರುತ್ತದೆ. ಇನ್ನುಳಿದವು ಕಮಾನ್ ಪಟ್ಟಿಯ ಕೊಂಡಿಗಳು ಕೂರುವ ಕಡೆ, ತೀರಾ ಹಿಂದಿನ ಅಡ್ಡಪಟ್ಟಿ, ಬಾಡಿಯನ್ನು ಚಾಸಿಗೆ ಕೂರಿಸಿದ ಬೋಲ್ಟುಗಳ ಸುತ್ತ, ಮತ್ತು ಬ್ಯಾಟರಿಯ ಕೆಳಗೆ. ಬ್ಯಾಟರಿಯಿಂದ ಆಸಿಡ್ ತೊಟ್ಟಿಕ್ಕಿ ಅಲ್ಲಿನ ಲೋಹ ತಿಂದಿರುತ್ತದೆ. ಆ ಬಾಗಿನಲ್ಲಿ ಸ್ಕ್ರೂಡ್ರೈವರ್ ತುದಿಯಿಟ್ಟು ಒತ್ತಿದೆ. ಬಣ್ಣ ಪರಾಟದ ಪದರದಂತೆ ಎದ್ದು ಬಂತು. ಅದರ ಹಿಂದೆ ತುಕ್ಕಿನ ಪುಡಿ, ಆಮೇಲೆ ತೂತು. ನನ್ನ ಕಿರುಬೆರಳು ಒಳಗೆ ಹೋಯಿತು. ಪಕ್ಕದಲ್ಲೇ ಅಂಗೈಯಗಲದ ತಗಡಿನ ತೇಪೆಯನ್ನು ಒಂದೆರಡು ಕಡೆ ವೆಲ್ಡಿಂಗ್ ಚುಕ್ಕೆ ಇಟ್ಟು ಅಂಟಿಸಿದ್ದರು. ಅದರ ಮೇಲೂ ಅದೇ ಕಪ್ಪು ಬಣ್ಣ. ಫ್ರಿಜ್ಜಿನ ಬಾಗಿಲಿನಿಂದ ಕಿತ್ತು ತಂದಿದ್ದ ಸಣ್ಣ ಅಯಸ್ಕಾಂತವನ್ನು ದುಲ್ಹನ್‌ಗೆ ಕೊಟ್ಟಿದ್ದೆ. ಅವಳು ಮೇಲೆ ಬಾಡಿಯ ಸುತ್ತ ಇಟ್ಟು ನೋಡುತ್ತಿದ್ದಳು. ತಗಡಿದ್ದರೆ ಅಂಟುತ್ತದೆ, ಪುಟ್ಟಿ ತುಂಬಿದ್ದರೆ ಬೀಳುತ್ತದೆ. "ಆಪಾ, ಇಲ್ಲಿ ಬೀಳ್ತಿದೆ. ಇಲ್ಲೂ ಬೀಳ್ತಿದೆ" ಎಂದು ಅವಳ ದನಿ ಮೇಲಿನಿಂದ ಕೇಳುತ್ತಿತ್ತು. ಅದು ಬಾಡಿಯಷ್ಟೇ ಎಂದು ನಾನು ಸುಮ್ಮನಿದ್ದೆ.

ದಲ್ಲಾಳಿಗೆ ಬೆರಳು ತೋರಿಸಿದೆ. "ಅಮ್ಮಾ, ಹಳೇ ಗಾಡಿ ಅಂದ ಮೇಲೆ ಇದೆಲ್ಲ ಇದ್ದೇ ಇರುತ್ತೆ, ಇನ್ನೂ ಹತ್ತು ವರ್ಷ ಓಡುತ್ತೆ" ಎಂದ. ಇದ್ದೇ ಇರುತ್ತದೆ ಎಂದಾದರೆ ಬಣ್ಣ ಬಳಿದು ಮುಚ್ಚುವುದೇಕೆ?

ಮದ್ರಸಾದಲ್ಲಿ ಕಲಿತ ಒಂದು ಪ್ರಸಂಗ ಆಗ ನೆನಪಾಯಿತು. ನಿಮಗೂ ತಿಳಿದದ್ದೇ. ಪ್ರವಾದಿ(ಸ)ಯವರು ಸಂತೆಯಲ್ಲಿ ಒಂದು ಧಾನ್ಯದ ರಾಶಿಯ ಬಳಿ ಬಂದು ಕೈ ಒಳಗೆ ತೂರಿಸಿದರು, ಮೇಲೆ ಒಣಗಿದ್ದ ರಾಶಿಯ ಒಳಗೆ ಬೆರಳಿಗೆ ತೇವ ತಾಗಿತು. ಮಳೆ ಬಿದ್ದಿತ್ತು ಎಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬಾರದಿತ್ತೇ ಎಂದು ಕೇಳಿದರು. ಈ ಹದೀಸನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ, ಯಾವಾಗಲೂ ಮಾರುವವನಿಗೆ ಹೇಳಿದ ಪಾಠವಾಗಿ. ರಾಶಿಯೊಳಗೆ ಕೈ ಹಾಕಿ ನೋಡಿದರು ಎಂಬ ಭಾಗ ನನ್ನ ಗಮನಕ್ಕೆ ಬಂದದ್ದು ಅಂದೇ. ಫಿಕ್ಹ್‌ನಲ್ಲಿ ಖಿಯಾರುಲ್ ಐಬ್ ಎಂಬ ಅಧ್ಯಾಯವಿದೆ. ಮಾರಾಟಕ್ಕೆ ಮೊದಲೇ ಇದ್ದ, ಕೊಳ್ಳುವವನಿಗೆ ತಿಳಿಯದ ದೋಷ ಆಮೇಲೆ ಬೆಳಕಿಗೆ ಬಂದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಅವನಿಗಿದೆ. ಪರೀಕ್ಷೆಗೆಂದು ಓದಿದ್ದೆ. ಆದರೆ ಹಣ ಎಣಿಸಿಕೊಂಡು ಹೋದ ದಲ್ಲಾಳಿಯನ್ನು ಮತ್ತೆ ಹುಡುಕಿ ಆ ಹಕ್ಕು ಕೇಳುವವರು ಯಾರು?

ಬೇಡ ಎಂದು ಎದ್ದು ಬಂದೆವು. ಮನೆಗೆ ಬಂದ ಮೇಲೆ ಗೊತ್ತಾಯಿತು, ತಮ್ಮ ನಮಗೆ ಹೇಳದೆ ಹಿಂದಿನ ದಿನವೇ ಹತ್ತು ಸಾವಿರ ಟೋಕನ್ ಕೊಟ್ಟುಬಿಟ್ಟಿದ್ದ. ನಾಲ್ಕು ಸಲ ಹೋಗಿ ಕೇಳಿದ ಮೇಲೆ ನಾಲ್ಕು ಸಾವಿರ ವಾಪಸ್ ಬಂತು. ಮಿಕ್ಕದ್ದು ಹೋಯಿತು. ತಮ್ಮ ನನ್ನೊಡನೆ ಒಂದು ವಾರ ಮಾತು ಬಿಟ್ಟ. ಹೆಂಗಸರು ಬಂದು ವ್ಯಾಪಾರ ಕೆಡಿಸಿದರು ಎಂದು ಅವನ ಗೆಳೆಯರು ಹೇಳಿದ್ದರಂತೆ. ದುಲ್ಹನ್ ಮಾತ್ರ ಆ ರಾತ್ರಿ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಆಪಾ, ನಿಮ್ಮ ಬೆರಳು ಒಳಗೆ ಹೋದಾಗ ನನ್ನ ಬಳೇನೇ ಒಳಗೆ ಹೋದ ಹಾಗಾಯ್ತು" ಎಂದಳು. ಮುಂದಿನ ಸಲ ಯಾವ ಜೀಪು ಕೊಂಡರೂ ಆರ್‌.ಸಿ. ಪುಸ್ತಕ ಅವಳ ಹೆಸರಿನಲ್ಲೇ ಆಗಬೇಕೆಂದು ನಾನು ಆಗಲೇ ನಿಶ್ಚಯಿಸಿದೆ. ಇದನ್ನು ಅಮ್ಮಿಯ ಮುಂದೆ ಹೇಳಿದಾಗ ಮನೆಯಲ್ಲಿ ಇನ್ನೊಂದು ಸುತ್ತು ಗದ್ದಲವಾಯಿತು. ಅದನ್ನು ಇಲ್ಲಿ ಬರೆಯುವುದು ಬೇಡ. ಅಮ್ಮಿ ಕೊನೆಗೆ ನನ್ನ ಕಡೆಯೇ ಬಂದರು.

ಎರಡನೆಯ ಜೀಪು ಸಿಕ್ಕಿದ್ದು ಬೇತಮಂಗಲದ ಆಚೆ ಒಂದು ಹಳ್ಳಿಯಲ್ಲಿ. ಈ ಸಲ ಅಣ್ಣನನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋದೆವು. 1996ರ ಮಹೀಂದ್ರಾ ಎಂಎಂ 540, ಕೆಎ-08, ಅಂದರೆ ನಮ್ಮ ಕೆಜಿಎಫ್‌ನದ್ದೇ. ಮಾರುತ್ತಿದ್ದವರು ಗಂಡನನ್ನು ಕಳೆದುಕೊಂಡ ಒಬ್ಬ ರೈತ ಮಹಿಳೆ. ನಾವು ಕೇಳುವ ಮೊದಲೇ ಅವರು, "ಅಮ್ಮಾ, ಎರಡನೇ ಗೇರು ನಿಲ್ಲಲ್ಲ, ಹಾರಿ ಬಿಡುತ್ತೆ. ನಮ್ಮ ಯಜಮಾನ್ರು ಎಡಗೈಯಲ್ಲಿ ಒತ್ತಿ ಹಿಡ್ಕೊಂಡೇ ಓಡಿಸ್ತಿದ್ರು" ಎಂದರು. ಗೇರ್ ಲಿವರಿನ ಗುಂಡು ಒಂದು ಪಕ್ಕ ಸವೆದು ನುಣ್ಣಗಾಗಿತ್ತು. ಎರಡು ಲಕ್ಷದ ನಲವತ್ತು ಸಾವಿರ ಹೇಳಿದರು.

ಮತ್ತೆ ಗೋಣಿಚೀಲ. ಬಣ್ಣ ಎಲ್ಲಿಯೂ ಇಲ್ಲ. ಕೆಂಪು ಮಣ್ಣು, ಗ್ರೀಸು, ಕಂದು ತುಕ್ಕು. ನಮ್ಮ ಕಡೆಯ ಗಾಡಿಗೆ ತುಕ್ಕೇ ಇರುವುದಿಲ್ಲ ಎಂದುಕೊಳ್ಳಬೇಡಿ. ರಸಗೊಬ್ಬರದ ಮೂಟೆ ಹೊತ್ತ ಜೀಪಿಗೆ ಆ ಗೊಬ್ಬರವೂ ಒಂದು ಬಗೆಯ ಉಪ್ಪೇ. ಹಿಂದಿನ ಅಡ್ಡಪಟ್ಟಿಯ ಅಂಚು ಸ್ವಲ್ಪ ತಿಂದಿತ್ತು. ಆದರೆ ಉದ್ದದ ಎರಡೂ ತೊಲೆಗಳು ಕೊನೆಯವರೆಗೂ ಠಣ್ ಎಂದವು. ಸ್ಕ್ರೂಡ್ರೈವರ್ ಎಲ್ಲಿಯೂ ಒಳಗೆ ಹೋಗಲಿಲ್ಲ. ಅಣ್ಣ ಒಂದು ದಾರ ತರಿಸಿ, ಚಾಸಿಯ ಎಡ ಮುಂದಿನ ಬೋಲ್ಟಿನಿಂದ ಬಲ ಹಿಂದಿನ ಬೋಲ್ಟಿಗೆ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೆ ಅಳೆಯಿಸಿದರು. ಎರಡೂ ಸಮ ಬಂದವು. ಅಂದರೆ ಎಲ್ಲಿಯೋ ಗುದ್ದಿ ಚಾಸಿ ಸೊಟ್ಟಗಾಗಿಲ್ಲ. ಚಾಸಿಯ ಮೇಲೆ ಕೆತ್ತಿದ ನಂಬರನ್ನು ಬಟ್ಟೆಯಿಂದ ಒರೆಸಿ ದುಲ್ಹನ್ ಆರ್.ಸಿ. ಜೊತೆ ಒಂದೊಂದೇ ಅಂಕಿ ಓದಿ ಹೋಲಿಸಿದಳು. ತಮ್ಮ ಅಷ್ಟು ಹೊತ್ತಿಗೆ ಟಾರ್ಚು ಹಿಡಿದುಕೊಂಡು ನನ್ನ ಪಕ್ಕದಲ್ಲೇ ಮಲಗಿದ್ದ.

ಇನ್ನು ಗೇರ್ ಬಾಕ್ಸಿನ ವಿಷಯ. ಇಲ್ಲಿ ಎರಡು ಪ್ರಶ್ನೆಗಳಿವೆ ಎಂದು ಅಣ್ಣ ಹೇಳಿದ್ದರು. ಚೆನ್ನಾಗಿದೆಯೇ ಎಂಬುದು ಒಂದು. ನಿಮ್ಮ ಕೆಲಸಕ್ಕೆ ತಕ್ಕದ್ದೇ ಎಂಬುದು ಇನ್ನೊಂದು. ಜನ ಎರಡನೆಯದನ್ನು ಕೇಳುವುದೇ ಇಲ್ಲ. ಯುದ್ಧಕಾಲದ ವಿಲ್ಲೀಸ್ ಜೀಪಿಗೆ ಮೂರೇ ಗೇರು. ಎಂಎಂ 540ಕ್ಕೆ ನಾಲ್ಕು. ಹೆದ್ದಾರಿಯಲ್ಲಿ ಜೋರಾಗಿ ಓಡಿಸುವ ಆಸೆಗೆ ಕೆಲವರು ಬೇರೆ ಗಾಡಿಯ ಐದು ಗೇರಿನ ಪೆಟ್ಟಿಗೆ ತಂದು ಕೂರಿಸುತ್ತಾರೆ. ಕಾಮಸಮುದ್ರದ ಮಣ್ಣಿನ ದಾರಿಯಲ್ಲಿ ಐದನೇ ಗೇರು ಯಾರಿಗೆ ಬೇಕು? ಅಲ್ಲಿ ಬೇಕಾದದ್ದು ಪಕ್ಕದ ಸಣ್ಣ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್. ಇಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಂಚುವುದು ಅದೇ. ಅದರಲ್ಲೇ 'ಲೋ' ಎಂಬ ಸ್ಥಾನವೂ ಇರುತ್ತದೆ. ಅದನ್ನು ಹಾಕಿದರೆ ಪ್ರತಿಯೊಂದು ಗೇರಿನಲ್ಲೂ ಎಳೆಯುವ ಬಲ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಕಡಿಮೆಯಾಗುತ್ತದೆ. ಒಲೆಯ ಮೇಲೆ ಬಿರಿಯಾನಿಯನ್ನು ದಮ್‌ಗೆ ಇಟ್ಟ ಹಾಗೆ, ಅವಸರವಿಲ್ಲದೆ ದಿಣ್ಣೆ ಹತ್ತುತ್ತದೆ. ಎರಡೇ ಚಕ್ರ ಎಳೆಯುವ ಜೀಪುಗಳೂ ಬೇಕಾದಷ್ಟಿವೆ, ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಫೋರ್ ಬೈ ಫೋರ್ ಎಂದು ಬರೆದ ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುತ್ತದೆ.

ತಮ್ಮ ಓಡಿಸಿದ, ಅಣ್ಣ ಪಕ್ಕದಲ್ಲಿ ಕೂತರು, ನಾವಿಬ್ಬರೂ ಹಿಂದೆ. ನಿಂತಲ್ಲೇ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ನಿಧಾನವಾಗಿ ಕ್ಲಚ್ ಬಿಡಿಸಿದರು. ಇಂಜಿನ್ ಗಕ್ಕನೆ ನಿಂತಿತು. ನಿಲ್ಲಲೇಬೇಕು, ಉರಿಯುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಎರಡನೇ ಗೇರಿನಲ್ಲಿ ಇಳಿಜಾರು ಇಳಿಯುತ್ತಾ ಆಕ್ಸಿಲರೇಟರ್ ಬಿಟ್ಟಾಗ ಲಿವರ್ ಠಕ್ಕೆಂದು ನ್ಯೂಟ್ರಲ್‌ಗೆ ಹಾರಿತು. ಆ ಅಮ್ಮ ಹೇಳಿದ್ದು ನಿಜ. ಗೇರ್ ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಸವರಿ ನೋಡಿದರು. ಕಪ್ಪಗಿತ್ತು, ಆದರೆ ಲೋಹದ ಚೂರು ಕೈಗೆ ತಾಗಲಿಲ್ಲ. ನಂತರ ಉತ್ತ ಹೊಲದಲ್ಲಿ ಫೋರ್ ವೀಲ್ ಹಾಕಿಸಿದರು. ಒಣ ಡಾಂಬರಿನ ಮೇಲೆ ಇದನ್ನು ಹಾಕಿ ತಿರುಗಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಸವೆಸುವ ದೂರ ಬೇರೆಬೇರೆ, ಜಾರಲು ಮಣ್ಣಿಲ್ಲದಿದ್ದರೆ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಲಿವರ್ ಏನೋ ಬಿತ್ತು. ಆದರೆ ಹಿಂದಿನ ಚಕ್ರ ಮಾತ್ರ ಮಣ್ಣು ಎರಚಿತು, ಮುಂದಿನವು ಸುಮ್ಮನೆ ಉರುಳಿದವು.

ತಮ್ಮನ ಮುಖ ಬಾಡಿತು. ಅಣ್ಣ ಬಗ್ಗಿ ನೋಡಿ ನಕ್ಕರು. ಮುಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟೇ ಅಲ್ಲಿರಲಿಲ್ಲ! ಡೀಸೆಲ್ ಉಳಿಯುತ್ತದೆಂದು ಕೆಲವರು ಅದನ್ನು ಬಿಚ್ಚಿಡುತ್ತಾರಂತೆ. ಕೇಳಿದಾಗ ಆ ಅಮ್ಮನಿಗೆ ಥಟ್ಟನೆ ನೆನಪಾಯಿತು. ದನದ ಕೊಟ್ಟಿಗೆಯ ಅಟ್ಟದಿಂದ ಅವರ ಮಗ ಗೋಣಿಯಲ್ಲಿ ಸುತ್ತಿದ ಉದ್ದನೆಯ ಕಬ್ಬಿಣವೊಂದನ್ನು ಇಳಿಸಿದ. ಬಿಚ್ಚಿದರೆ ಮೈತುಂಬ ಗ್ರೀಸು ಬಳಿದು, ಬೋಲ್ಟುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಜೊತೆಗೇ ಕಟ್ಟಿಟ್ಟಿದ್ದರು. ಅಷ್ಟು ಜೋಪಾನ ಮಾಡುವ ಮನುಷ್ಯ ಗಾಡಿಯನ್ನೂ ಹಾಗೆಯೇ ನೋಡಿಕೊಂಡಿರುತ್ತಾನೆ ಎಂದು ನನಗೆ ಅನ್ನಿಸಿತು. ಆ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಇನ್ನು ಚೌಕಾಸಿ ಮಾಡುವುದು ಹೇಗೆ ಹೇಳಿ? ಗೇರ್ ಬಾಕ್ಸ್ ಬಿಚ್ಚಿ ಜೋಡಿಸಲು ಮೂವತ್ತು ಸಾವಿರದ ಅಂದಾಜು ಎಂದು ಅಣ್ಣ ಹೇಳಿದ್ದರು. ಮೂವತ್ತು ಕಡಿಮೆ ಮಾಡಿ ಎಂದು ಕೇಳುವ ನ್ಯಾಯ ನಮಗಿತ್ತು. ಆದರೆ ದೋಷವನ್ನು ತಾವಾಗಿಯೇ ಮೊದಲು ಹೇಳಿದ ಹೆಂಗಸಿನಿಂದ, ಆ ಸತ್ಯದ ಬೆಲೆಯನ್ನು ಪೂರ್ತಿ ಕಿತ್ತುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ತಮ್ಮ ಮೂವತ್ತಕ್ಕೇ ಪಟ್ಟು ಹಿಡಿದ. ದುಲ್ಹನ್ ಅಂದು ಮೊದಲ ಸಲ ಎಲ್ಲರೆದುರು ಬಾಯಿ ತೆರೆದಳು. "ಇಪ್ಪತ್ತು ಕಡಿಮೆ ಮಾಡಿ ಅಕ್ಕಾ. ಕೊಡ್ತಿರೋದು ನಾನು" ಎಂದಳು. ಎರಡು ಲಕ್ಷದ ಇಪ್ಪತ್ತು ಸಾವಿರಕ್ಕೆ ಮುಗಿಯಿತು. ಮೂರು ಬಳೆ ಹೋದವು, ಮಿಕ್ಕದ್ದು ತಮ್ಮನ ಉಳಿತಾಯ.

ಬಿಚ್ಚಿದಾಗ ಸವೆದಿದ್ದವು ಒಂದು ಬೇರಿಂಗು, ಎರಡನೇ ಗೇರನ್ನು ಹಿಡಿಯುವ ರಿಂಗು ಮತ್ತು ಅದನ್ನು ತಳ್ಳುವ ಕವಲು. ಮೂವತ್ತನಾಲ್ಕು ಸಾವಿರವಾಯಿತು, ಅಂದಾಜಿಗಿಂತ ನಾಲ್ಕು ಹೆಚ್ಚು. ಹಿಂದಿನ ಅಡ್ಡಪಟ್ಟಿಯ ಅಂಚನ್ನು ಕತ್ತರಿಸಿ ದಪ್ಪ ಪ್ಲೇಟು ಹಾಕಿಸಿದೆವು. ಕಾಗದಪತ್ರದ ಕೆಲಸವೂ ಇತ್ತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಆರ್‌ಟಿಓದವರು ಗಾಡಿಯನ್ನು ಪರೀಕ್ಷಿಸುತ್ತಾರೆ. 2022ರ ಏಪ್ರಿಲ್‌ನಿಂದ ಅದರ ಶುಲ್ಕ ಬಹಳ ಏರಿದೆ. ಈ ಜೀಪಿನದು 2026ರವರೆಗೆ ಇತ್ತು, ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿದ್ದೆವು. ಬಿಳಿ ಬೋರ್ಡಿನ ಗಾಡಿ, ಬಾಡಿಗೆಗೆ ಓಡಿಸುವಂತಿಲ್ಲ, ಸ್ವಂತ ಬೆಳೆಗೆ ಮಾತ್ರ. ಇಂಥ ಗಾಡಿ ಕೊಳ್ಳುವವರು ಹಳೆಯ ಸಾಲ ಅದರ ಮೇಲೆ ಇದೆಯೇ ಎಂದು ಆರ್.ಸಿ.ಯಲ್ಲಿ ತಪ್ಪದೆ ನೋಡಿ.

ಮಾಲೀಕರ ಕಾಲಂನಲ್ಲಿ ದುಲ್ಹನ್‌ಳ ಹೆಸರು ಬಂದ ದಿನ ಅವಳು ಆರ್.ಸಿ.ಯನ್ನು ಬಳೆಯ ಖಾಲಿ ಪೆಟ್ಟಿಗೆಯಲ್ಲಿ ಇಟ್ಟಳು. ಉಳಿದ ಒಂದು ಚಿನ್ನದ ಬಳೆಯನ್ನು ಗಾಜಿನ ಬಳೆಗಳ ನಡುವೆ ಹಾಕಿಕೊಂಡಿದ್ದಾಳೆ. ಟೊಮೆಟೊ ಮೊದಲ ಬೆಳೆಗೆ ಬೆಲೆ ಅಷ್ಟಕ್ಕಷ್ಟೇ. ತಮ್ಮ ಆ ಮಾತು ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿ ಬಂದ ದಿನ ಪೈಪು ಹಿಡಿದು ಚಾಸಿಯ ತೂತುಗಳೊಳಗಿನ ಕೆಸರು ತೊಳೆಯುವುದು ದುಲ್ಹನ್‌ಳ ಕೆಲಸ, ಮಕ್ಕಳು ಟಾರ್ಚು ಹಿಡಿಯುತ್ತಾರೆ.

ಹೋದ ವಾರ ಅವಳ ಫೋನು ಬಂದಿತ್ತು. ಎರಡನೇ ಗೇರು ಗಟ್ಟಿಯಾಗಿ ನಿಲ್ಲುತ್ತಿದೆಯಂತೆ, ಆದರೆ ಮೂರನೆಯದರಲ್ಲಿ ಏನೋ ಗೊಯ್ ಎಂದು ಸದ್ದು. ಭಾನುವಾರ ಅಣ್ಣನನ್ನು ಕರೆದುಕೊಂಡು ಬನ್ನಿ ಎಂದಳು. ಗೋಣಿಚೀಲವನ್ನು ಒಗೆದು ತಂತಿಯ ಮೇಲೆ ಹಾಕಿದ್ದೇನೆ, ಇನ್ನೂ ಒಣಗಿಲ್ಲ.